ತುಕ್ಕಿನ ಖರ್ಚನ್ನು ಯಾವುದರಿಂದ ಭಾಗಿಸಬೇಕು?

ಹದಿನೈದು ವರ್ಷ ತುಂಬಿದ ಕಾರಿಗೆ ದೊಡ್ಡ ಮೊತ್ತದ ದುರಸ್ತಿ ಬೇಕೆಂದಾಗ ಹುಬ್ಬಳ್ಳಿಯ ಮನೆಗಳಲ್ಲಿ ನಡೆಯುವ ಲೆಕ್ಕ ಬಹುಮಟ್ಟಿಗೆ ಒಂದೇ ಬಗೆಯದು: ದುರಸ್ತಿಯ ಖರ್ಚನ್ನು ಕಾರಿನ ಮಾರುಕಟ್ಟೆ ಬೆಲೆಯ ಪಕ್ಕದಲ್ಲಿಟ್ಟು ನೋಡಿ, ಅದು ಬೆಲೆಯ ಅರ್ಧ ದಾಟಿದ ಕೂಡಲೇ ‘ಇದರ ಮ್ಯಾಲೆ ಇನ್ನ ರೊಕ್ಕ ಹಾಕೂದು ಬ್ಯಾಡ’ ಎಂದು ತೀರ್ಮಾನಿಸಲಾಗುತ್ತದೆ. ಈ ಲೆಕ್ಕ ಸುಲಭವಾದುದೇ ಹೊರತು ಸರಿಯಾದುದಲ್ಲ. ಕಾರಿನ ಬೆಲೆ ಅದನ್ನು ಮಾರುವವರಿಗೆ ಮುಖ್ಯ. ಇಟ್ಟುಕೊಂಡು ಓಡಿಸುವವರಿಗೆ ಮುಖ್ಯವಾಗುವುದು ಆ ದುರಸ್ತಿಯಿಂದ ಎಷ್ಟು ವರ್ಷ ದಕ್ಕುತ್ತದೆ ಎಂಬುದು. ತುಕ್ಕಿನ ವಿಷಯದಲ್ಲಿ ಆ ವರ್ಷಗಳನ್ನು ನಿರ್ಧರಿಸುವುದು ಮೇಲೆ ಹೊಡೆದ ಬಣ್ಣವಲ್ಲ, ತಗಡನ್ನು ಎಷ್ಟರಮಟ್ಟಿಗೆ ಬಿಚ್ಚಿ ನೋಡಲಾಯಿತು ಎಂಬ ಸಂಗತಿ.

ಕಬ್ಬಿಣವು ನೀರು ಮತ್ತು ಆಮ್ಲಜನಕಗಳೊಡನೆ ಸೇರಿ ತುಕ್ಕಾಗುವಾಗ ಮೂಲ ಲೋಹಕ್ಕಿಂತ ಹೆಚ್ಚು ಜಾಗ ಹಿಡಿಯುವುದರಿಂದ ಬಣ್ಣವನ್ನು ಒಳಗಿನಿಂದ ಎತ್ತಿ ಗುಳ್ಳೆ ಮಾಡುತ್ತದೆ. ಅದು ಸಡಿಲವೂ ರಂಧ್ರಮಯವೂ ಆಗಿರುವುದರಿಂದ ಅಲ್ಯೂಮಿನಿಯಂ ಮೇಲಿನ ಆಕ್ಸೈಡಿನಂತೆ ಕೆಳಗಿನ ಲೋಹವನ್ನು ಕಾಯದೆ, ನೀರನ್ನು ಹಿಡಿದಿಟ್ಟು ಮತ್ತಷ್ಟು ತಿನ್ನುತ್ತದೆ. ಕಾರಿನ ಹೊರತಗಡಿನ ದಪ್ಪ ಸಾಮಾನ್ಯವಾಗಿ ಒಂದು ಮಿಲಿಮೀಟರಿಗಿಂತ ಕಡಿಮೆ ಇರುವುದರಿಂದ, ಒಳಮೈಯಿಂದ ಹುಟ್ಟಿದ ತುಕ್ಕು ಹೊರಗೆ ಗುಳ್ಳೆಯಾಗಿ ಕಾಣಿಸುವ ಹೊತ್ತಿಗೆ ಆ ಜಾಗದ ತಗಡು ಬಹುಪಾಲು ಮುಗಿದಿರುತ್ತದೆ. ಬಾಗಿಲುಗಳ ಕೆಳಗೆ ಮುಂದಿನ ಗಾಲಿಯಿಂದ ಹಿಂದಿನ ಗಾಲಿಯವರೆಗೆ ಸಾಗುವ, ಗ್ಯಾರೇಜಿನವರು ರನ್ನಿಂಗ್ ಬೋರ್ಡ್ ಎನ್ನುವ ಭಾಗವು ತಗಡುಗಳನ್ನು ಬೆಸೆದು ಮಾಡಿದ ಟೊಳ್ಳು ಪೆಟ್ಟಿಗೆಯಾಗಿದ್ದು, ಒಳಸೇರಿದ ನೀರು ಹರಿದುಹೋಗಲೆಂದು ಅದರ ತಳದಲ್ಲಿ ಸಣ್ಣ ತೂತುಗಳಿರುತ್ತವೆ. ಮಲೆನಾಡಿನ ಮಳೆಯೂ ಬಯಲುಸೀಮೆಯ ಎರೆಮಣ್ಣೂ ಕೂಡುವ ಅಂಚಿನಲ್ಲಿರುವ ಹುಬ್ಬಳ್ಳಿಯಲ್ಲಿ ಆ ತೂತುಗಳು ಕೆಸರಿನಿಂದ ಮುಚ್ಚಿಹೋಗುವುದು ಸಾಮಾನ್ಯ. ರಾಷ್ಟ್ರೀಯ ಹೆದ್ದಾರಿ 52ರಲ್ಲಿ ಯಲ್ಲಾಪುರದ ಮೇಲೆ ಹಾಯ್ದು ಅಂಕೋಲಾ, ಕಾರವಾರಗಳಿಗೆ ಹೋಗಿಬರುವ ಕಾರುಗಳಿಗಂತೂ ಕಡಲ ತೀರದ ಉಪ್ಪಿನ ಅಂಶವೂ ಸೇರಿ ಈ ಕ್ರಿಯೆ ಚುರುಕಾಗುತ್ತದೆ.

ಪ್ರಸ್ತುತ ಲೇಖಕನ ಹಳೇ ಹುಬ್ಬಳ್ಳಿಯ ಮನೆಯಲ್ಲಿ 2009ರಲ್ಲಿ ನೋಂದಣಿಯಾದ ಒಂದು ಸಣ್ಣ ಪೆಟ್ರೋಲ್ ಕಾರಿದ್ದು, 2024ರಲ್ಲಿ ಅದರ ನೋಂದಣಿ ಪತ್ರವನ್ನು, ಅಂದರೆ ಆರ್‌ಸಿಯನ್ನು, ನವೀಕರಿಸುವ ಸಮಯ ಬಂದಾಗ ಈ ಪ್ರಶ್ನೆ ಎದುರಾಯಿತು. ಖಾಸಗಿ ಕಾರಿನ ಆರ್‌ಸಿ 15 ವರ್ಷ ಸಿಂಧುವಾಗಿದ್ದು, ಅನಂತರ ಪರಿಶೀಲನೆಗೊಳಪಡಿಸಿ ಐದೈದು ವರ್ಷಕ್ಕೆ ನವೀಕರಿಸಲಾಗುತ್ತದೆ; 600 ರೂಪಾಯಿ ಇದ್ದ ಈ ಶುಲ್ಕ 2022ರ ಏಪ್ರಿಲ್ 1ರಿಂದ 5,000 ರೂಪಾಯಿಯಾಗಿದೆ. ಅಧಿಕಾರಿಗಳ ಪರಿಶೀಲನೆಗೆ ಮುನ್ನ ಬಾಗಿಲಿನ ಕೆಳಗಿನ ಒಂದೆರಡು ಗುಳ್ಳೆಗಳನ್ನು ಸರಿಪಡಿಸಿ ಬಣ್ಣ ಹೊಡೆಸುವುದಷ್ಟೇ ಮೂಲ ಉದ್ದೇಶವಾಗಿತ್ತು. ಆದರೆ ಟಿಂಕರಿಂಗ್ ಮಿಸ್ತ್ರಿ ಸ್ಕ್ರೂಡ್ರೈವರಿನ ತುದಿಯಿಂದ ರನ್ನಿಂಗ್ ಬೋರ್ಡಿನ ಅಡಿ ಒತ್ತಿದಾಗ ಅದು ಸೀದಾ ಒಳಗೆ ಹೋಯಿತು. ‘ಮ್ಯಾಲೆ ಬಣ್ಣ ಛಲೋ ಐತ್ರಿ ಸರ, ಒಳಗ ಪತ್ರಾನ ಉಳದಿಲ್ರಿ’ ಎಂಬ ಅವರ ಮಾತು ನೆಲಹಾಸನ್ನು ಎತ್ತಿದಾಗ ಇನ್ನಷ್ಟು ನಿಜವಾಯಿತು. ಚಾಲಕನ ಕಾಲಡಿಯ ತಗಡೂ ಅಲ್ಲಲ್ಲಿ ಜರಡಿಯಾಗಿತ್ತು.

ಆಗ ಮುಂದಿದ್ದ ದಾರಿಗಳು ಮೂರು. ಒಂದು, ತೂತುಗಳ ಮೇಲೆ ತಗಡಿನ ತೇಪೆ ಹಚ್ಚಿ, ಪುಟ್ಟಿ ತುಂಬಿ ಬಣ್ಣ ಹೊಡೆಸುವುದು. ಇದಕ್ಕೆ ಹೇಳಿದ ಮೊತ್ತ 9,000 ರೂಪಾಯಿ. ಎರಡು, ಆಸನಗಳನ್ನೂ ನೆಲಹಾಸನ್ನೂ ಬ್ಯಾಟರಿಯನ್ನೂ ಕಳಚಿ, ಹೊಳೆಯುವ ಲೋಹ ಸಿಗುವವರೆಗೆ ಕೊಳೆತ ಭಾಗವನ್ನು ಕತ್ತರಿಸಿ ತೆಗೆದು, ಹೊಸ ತಗಡನ್ನು ಸಿಒ2 ವೆಲ್ಡಿಂಗಿನಿಂದ ಬೆಸೆದು, ಸತುವಿನ ಪ್ರೈಮರ್ ಹಚ್ಚಿ, ಸಂದುಗಳನ್ನು ಸೀಲರಿನಿಂದ ಮುಚ್ಚಿ, ಟೊಳ್ಳಿನೊಳಗೆ ಮೇಣದ ದ್ರಾವಣ ಸಿಂಪಡಿಸುವುದು, ಇದಕ್ಕೆ 36,000. ಮೂರು, ಕಾರನ್ನು ಇದ್ದ ಸ್ಥಿತಿಯಲ್ಲಿ 70,000ಕ್ಕೆ ಮಾರಿ ಐದು ವರ್ಷ ಹಳೆಯದಾದ ಇನ್ನೊಂದನ್ನು 3,20,000ಕ್ಕೆ ಕೊಳ್ಳುವುದು. ವಿಮೆಯ ನೆರವು ಯಾವುದಕ್ಕೂ ಇರಲಿಲ್ಲ, ಏಕೆಂದರೆ ಸ್ವಂತ ಹಾನಿಯ ವಿಮೆಯು ಬಳಕೆಯಿಂದಾಗುವ ಸವೆತವನ್ನು ಹೊರಗಿಟ್ಟಿರುತ್ತದೆ. ಅಪಘಾತವೇ ಆದರೂ ಹತ್ತು ವರ್ಷ ದಾಟಿದ ಕಾರಿನ ಲೋಹದ ಬಿಡಿಭಾಗಗಳ ಬೆಲೆಯಲ್ಲಿ ಶೇ 50ರಷ್ಟನ್ನು ಸವಕಳಿಯೆಂದು ಕಳೆಯುವುದು ರೂಢಿಯ ನಿಯಮ. ಕೊನೆಗೆ ಆಯ್ದುಕೊಂಡದ್ದು ಎರಡನೆಯ ದಾರಿ, ಅಂದರೆ ಕಾರಿನ ಬೆಲೆಯ ಅರ್ಧಕ್ಕಿಂತ ಹೆಚ್ಚಿನ ಖರ್ಚು.

ಮೇಲ್ನೋಟಕ್ಕೆ ತೇಪೆಯೇ ಅಗ್ಗ. ಎರಡು ಮಳೆಗಾಲ ಬಾಳಿದರೂ ಅದರ ವಾರ್ಷಿಕ ಖರ್ಚು 4,500. ಪೂರ್ಣ ದುರಸ್ತಿ ಐದು ವರ್ಷ ಬಾಳಿದರೆ 7,200. ಆದರೆ ತೇಪೆಯ ಅಂಚಿನಲ್ಲಿ ಉಳಿದ ತುಕ್ಕು ಹರಡುತ್ತ ಹೋಗುವುದರಿಂದ ಮುಂದಿನ ತೇಪೆ ದೊಡ್ಡದಾಗುತ್ತದೆ. ಅದನ್ನು 14,000 ಎಂದು ಹಿಡಿದರೆ ನಾಲ್ಕು ವರ್ಷಕ್ಕೆ ಒಟ್ಟು 23,000. ಮೂರನೆಯ ತೇಪೆ ಹಚ್ಚಲು ಆಧಾರವೇ ಉಳಿಯದೆ ಕಾರು 20,000ಕ್ಕೆ ಗುಜರಿಗೆ ಹೋದರೆ, ಇಂದಿನ 70,000ದಲ್ಲಿ 50,000 ನಷ್ಟ. ಎರಡೂ ಸೇರಿ 73,000. ನಾಲ್ಕರಿಂದ ಭಾಗಿಸಿದರೆ ವರ್ಷಕ್ಕೆ 18,250. ಪೂರ್ಣ ದುರಸ್ತಿಯಾದ ಕಾರು ಐದು ವರ್ಷದ ನಂತರ 45,000ಕ್ಕೆ ಮಾರಾಟವಾದರೆ ಬೆಲೆಯ ನಷ್ಟ 25,000. ದುರಸ್ತಿಯ 36,000 ಸೇರಿ 61,000, ಅಂದರೆ ವರ್ಷಕ್ಕೆ 12,200. ಬೇರೆ ಕಾರು ಕೊಂಡು ಐದು ವರ್ಷದ ನಂತರ 1,70,000ಕ್ಕೆ ಮಾರಿದರೆ ನಷ್ಟವೇ ವರ್ಷಕ್ಕೆ 30,000. ಅದರ ಮೇಲೆ, ದುರಸ್ತಿಯ ಹಣವನ್ನು ಕಳೆದ ನಂತರವೂ ಹೆಚ್ಚುವರಿಯಾಗಿ ತೊಡಗಿಸಬೇಕಾದ 2,14,000ಕ್ಕೆ ಶೇ 7ರ ದರದಲ್ಲಿ ಠೇವಣಿಯ ಬಡ್ಡಿ 14,980 ಕೈತಪ್ಪುತ್ತದೆ, ಒಟ್ಟು 44,980. ಈ ಮೊತ್ತಗಳು ಊರಿಂದೂರಿಗೆ, ಕಾರಿಂದ ಕಾರಿಗೆ ಬದಲಾಗುತ್ತವೆಯಾದರೂ ಭಾಗಿಸುವ ಕ್ರಮ ಬದಲಾಗುವುದಿಲ್ಲ. ಆರ್‌ಸಿಯ ನವೀಕರಣದ ಅವಧಿಯೂ ಐದೇ ವರ್ಷವಾದುದರಿಂದ, ಮತ್ತು 20 ವರ್ಷ ದಾಟಿದ ಕಾರಿನ ನವೀಕರಣ ಶುಲ್ಕವನ್ನು 2025ರ ಆಗಸ್ಟಿನಲ್ಲಿ 10,000 ರೂಪಾಯಿಗೆ ಏರಿಸಲಾಗಿರುವುದರಿಂದ, ಹಳೆಯ ಕಾರಿನ ಲೆಕ್ಕವನ್ನು ಐದು ವರ್ಷದಾಚೆಗೆ ಎಳೆಯುವುದರಲ್ಲಿ ಅರ್ಥವಿಲ್ಲ.

ಈ ಲೆಕ್ಕದೊಳಗೆ ಸೇರಿಸಲಾಗದ ಒಂದು ಅಂಶವುಂಟು. ಚಾಲಕನ ಏರ್‌ಬ್ಯಾಗ್ ಎಲ್ಲ ಹೊಸ ಕಾರುಗಳಲ್ಲಿ ಕಡ್ಡಾಯವಾದದ್ದು 2019ರ ಜುಲೈನಿಂದ. 2009ರ ಸಣ್ಣ ಕಾರಿನಲ್ಲಿ ಅದನ್ನು ನಿರೀಕ್ಷಿಸುವಂತಿಲ್ಲ, ದುರಸ್ತಿಯಿಂದ ಅದು ಬರುವುದೂ ಇಲ್ಲ. ಹೆದ್ದಾರಿಯಲ್ಲಿ ದಿನವೂ ಓಡಾಡುವವರು ಮೂರನೆಯ ದಾರಿಯ ಹೆಚ್ಚಿನ ಮೊತ್ತವನ್ನು ಸುರಕ್ಷತೆಗೆ ಕೊಟ್ಟ ಬೆಲೆಯೆಂದು ಭಾವಿಸಿದರೆ ಅದನ್ನು ತಪ್ಪೆನ್ನಲಾಗದು. ದುರ್ಗದ ಬೈಲಿನ ಸಂತೆಗೂ ರೈಲು ನಿಲ್ದಾಣಕ್ಕೂ ಮಾತ್ರ ಹೋಗಿಬರುವ ಕಾರಿನ ಮಾತು ಬೇರೆ.

ಸಹನೆಗೆಡಿಸುವ ಸಂಗತಿಯೆಂದರೆ ಸರ್ವೀಸಿನ ಬಿಲ್ಲಿನಲ್ಲಿ ‘ಆಂಟಿ-ರಸ್ಟ್ ಅಂಡರ್‌ಬಾಡಿ ಕೋಟಿಂಗ್’ ಎಂಬ ಹೆಸರಿನಲ್ಲಿ ಸೇರಿಕೊಳ್ಳುವ ಲೇಪನ. ಡಾಂಬರು ಅಥವಾ ರಬ್ಬರಿನಿಂದ ತಯಾರಾದ ಈ ಕಪ್ಪು ಲೇಪನವು ಒಣಗಿದ, ಶುದ್ಧವಾದ ಹೊಸ ತಗಡಿನ ಮೇಲೆ ಉಪಯುಕ್ತವೇ ಸರಿ. ಈಗಾಗಲೇ ತುಕ್ಕು ಹಿಡಿದ, ತೇವವಿರುವ ತಗಡಿನ ಮೇಲೆ ಹೊಡೆದರೆ ಅದು ನೀರನ್ನು ಒಳಗೇ ಕೂಡಿಹಾಕಿ, ನೀರಿಳಿಯುವ ತೂತುಗಳನ್ನೂ ಮುಚ್ಚಿ, ನಡೆಯುತ್ತಿರುವ ನಾಶವನ್ನು ಕಣ್ಣಿಗೆ ಬೀಳದಂತೆ ಮಾಡುತ್ತದೆ. ಮೇಲೆ ಹೇಳಿದ ಕಾರಿಗೂ ಇಂಥದೊಂದು ಲೇಪನವಾಗಿತ್ತು, ಮತ್ತು ತಗಡು ಎಷ್ಟರಮಟ್ಟಿಗೆ ಜರಡಿಯಾಗಿದೆ ಎಂಬುದು ಪೂರ್ತಿ ತಿಳಿದದ್ದು ಅದನ್ನು ಹೆರೆದ ಮೇಲೆಯೇ. ತೊಳೆದು ಒಣಗಿಸುವಷ್ಟು ಹೊತ್ತನ್ನೂ ಕೊಡದೆ ಹೊಡೆದು ಕಳುಹಿಸುವ ಲೇಪನಕ್ಕೆ ರಕ್ಷಣೆಯೆಂಬ ಹೆಸರು ಸಲ್ಲದು. ಬ್ಯಾಟರಿಗೆ ಜೋಡಿಸಿದರೆ ವಿದ್ಯುತ್ತಿನಿಂದ ತುಕ್ಕನ್ನು ತಡೆಯುತ್ತವೆ ಎನ್ನಲಾಗುವ ಪುಟ್ಟ ಪೆಟ್ಟಿಗೆಗಳ ಕಥೆಯೂ ಇಷ್ಟೇ. ಕ್ಯಾಥೋಡಿಕ್ ರಕ್ಷಣೆ ಎಂಬ ಆ ತತ್ತ್ವವು ನೆಲದಲ್ಲಿ ಹೂತ ಕೊಳವೆಗಳಿಗೂ ಹಡಗಿನ ತಳಕ್ಕೂ ಫಲಿಸುವುದು ಅವುಗಳ ಸುತ್ತ ವಿದ್ಯುತ್ತನ್ನು ಸಾಗಿಸುವ ತೇವಮಣ್ಣು ಅಥವಾ ಸಮುದ್ರದ ನೀರು ಸದಾ ಇರುವುದರಿಂದ. ಗಾಳಿಯಲ್ಲಿ ನಿಂತ ಕಾರಿಗೆ ಅಂಥ ಮಾಧ್ಯಮವಿಲ್ಲ.

ಹಣಕ್ಕಿಂತ ರೂಢಿಯೇ ಇಲ್ಲಿ ಹೆಚ್ಚು ಉಳಿತಾಯ ಮಾಡಬಲ್ಲದು. ಬಾನೆಟ್ಟನ್ನು ದಿನವೂ ಒರೆಸುವ ಮನೆಗಳಲ್ಲೂ ಕಾರಿನ ಅಡಿಗೆ ನೀರು ಬಿಡುವವರು ವಿರಳ. ನಲ್ಲಿಯ ನೀರಿಗಾಗಿ ದಿನ ಕಾಯುವ ಓಣಿಗಳಲ್ಲಿ ಅದು ಸಹಜವೂ ಹೌದು. ಆದರೂ ಕರಾವಳಿಯಿಂದ ಮರಳಿದ ಮೇಲೆ ಒಮ್ಮೆ, ಮಳೆಗಾಲ ಮುಗಿದ ಮೇಲೆ ಒಮ್ಮೆ ಅಡಿಯನ್ನು ತೊಳೆಸಿ, ರನ್ನಿಂಗ್ ಬೋರ್ಡಿನ ಮತ್ತು ಬಾಗಿಲಿನ ತಳದ ತೂತುಗಳನ್ನು ತೆಳು ತಂತಿಯಿಂದ ಬಿಡಿಸಿ, ನೆಲಹಾಸನ್ನು ಎತ್ತಿ ಬಿಸಿಲಿಗೆ ಹಾಕುವುದಕ್ಕೆ ತಗಲುವ ಖರ್ಚು ಅತ್ಯಲ್ಪ. ಹಳೆಯ ಕಾರು ಕೊಳ್ಳುವವರು ಬಾಗಿಲಿನ ಕೆಳಭಾಗಕ್ಕೂ ಗಾಲಿಯ ಕಮಾನಿಗೂ ಒಂದು ಅಯಸ್ಕಾಂತವನ್ನು ತಾಗಿಸಿ ನೋಡುವುದು ಲೇಸು, ಏಕೆಂದರೆ ತಗಡಿಗೆ ಅಂಟುವ ಅಯಸ್ಕಾಂತ ಪುಟ್ಟಿಗೆ ಅಂಟುವುದಿಲ್ಲ.

ಪೂರ್ಣ ದುರಸ್ತಿಯು ಎಲ್ಲ ಕಾರುಗಳಿಗೂ ಸಲ್ಲುವ ಮಾತಲ್ಲ. ಸಸ್ಪೆನ್ಷನ್, ಅಂದರೆ ಗಾಲಿಯ ಏಟನ್ನು ತಾಳುವ ಜೋಡಣೆ, ದೇಹಕ್ಕೆ ಕೂಡುವ ಜಾಗದಲ್ಲಿಯೂ ಎಂಜಿನನ್ನು ಹೊರುವ ತೊಲೆಗಳಲ್ಲಿಯೂ ತಗಡು ಕೊಳೆತಿದ್ದರೆ ಯಾವ ಭಾಗಾಕಾರವೂ ಆ ಕಾರನ್ನು ಉಳಿಸದು. ಅದನ್ನು ನೋಂದಾಯಿತ ಗುಜರಿ ಕೇಂದ್ರಕ್ಕೆ ಒಪ್ಪಿಸಿ ಠೇವಣಿ ಪ್ರಮಾಣಪತ್ರ ಪಡೆದರೆ ಹೊಸ ವಾಹನದ ನೋಂದಣಿ ಶುಲ್ಕದಲ್ಲಿ ವಿನಾಯಿತಿಯಾದರೂ ಸಿಗುತ್ತದೆ. ಈ ವ್ಯತ್ಯಾಸ ತಿಳಿಯುವುದು ನೆಲಹಾಸು ಎತ್ತಿ, ಕಾರನ್ನು ಜಾಕಿನ ಮೇಲೇರಿಸಿ ನೋಡಿದಾಗಲೇ ಆದುದರಿಂದ, ಗ್ಯಾರೇಜಿನಲ್ಲಿ ಬಣ್ಣದ ದರ ಕೇಳುವ ಮುನ್ನ ಬಿಚ್ಚಿ ನೋಡುವ ಕೂಲಿಯನ್ನು ಪ್ರತ್ಯೇಕವಾಗಿ ಗೊತ್ತುಮಾಡಿಕೊಂಡು, ಕಾರನ್ನು ಉಳಿಸಿಕೊಳ್ಳುವುದೋ ಮಾರುವುದೋ ಎಂಬುದನ್ನು ಅನಂತರ ಯೋಚಿಸುವುದು ಉಚಿತ.