ಮಾನ್ಯಖೇಟದ ಕವಿ, ಕಾರಂಜಾದ ಭಂಡಾರ

1

ಮಾನ್ಯಖೇಟವೆಂದೊಡನೆ ಕನ್ನಡ ವಿದ್ಯಾರ್ಥಿಗೆ ನೆನಪಾಗುವುದು ‘ಕವಿರಾಜಮಾರ್ಗ’ ಮತ್ತು ರಾಷ್ಟ್ರಕೂಟ ಮುಮ್ಮಡಿ ಕೃಷ್ಣನಿಂದ ‘ಉಭಯಕವಿಚಕ್ರವರ್ತಿ’ ಎಂಬ ಬಿರುದನ್ನು ಪಡೆದ ಪೊನ್ನ. ಅದೇ ಅರಸನ ಕಾಲದಲ್ಲಿ, ಅದೇ ಪಟ್ಟಣದಲ್ಲಿ ನೆಲೆಸಿ, 102 ಸಂಧಿಗಳ ‘ಮಹಾಪುರಾಣ’ವನ್ನು ರಚಿಸಿದ ಇನ್ನೊಬ್ಬ ಮಹಾಕವಿಯಿದ್ದನು. ಅವನೇ ಪುಷ್ಪದಂತ, ಅವನ ಕಾವ್ಯಭಾಷೆ ಅಪಭ್ರಂಶ. ಪಂಪನ ‘ಆದಿಪುರಾಣ’ ಮುಗಿದದ್ದು ಕ್ರಿ.ಶ. 941ರಲ್ಲಿ, ಪುಷ್ಪದಂತನು ತನ್ನ ಪುರಾಣವನ್ನು 959ರಲ್ಲಿ ಆರಂಭಿಸಿ 965ರಲ್ಲಿ ಮುಗಿಸಿದನು. ಇಷ್ಟು ಹತ್ತಿರದ ಕವಿಗೆ ನಮ್ಮ ಸಾಹಿತ್ಯಚರಿತ್ರೆಗಳಲ್ಲಿ ದೊರೆತಿರುವ ಸ್ಥಳ ಅತ್ಯಲ್ಪ. ಅವನು ಬೆಳಕಿಗೆ ಬಂದ ಬಗೆಯನ್ನೂ ಅದರಿಂದ ಕನ್ನಡ ಅಧ್ಯಯನಕ್ಕೆ ಒದಗುವ ಪಾಠವನ್ನೂ ಇಲ್ಲಿ ಪರಿಶೀಲಿಸಲಾಗಿದೆ.

2

ಜರ್ಮನ್ ವಿದ್ವಾಂಸ ರಿಚರ್ಡ್ ಪಿಶೆಲ್ 1902ರಲ್ಲಿ ಅಪಭ್ರಂಶದ ಸಾಮಗ್ರಿಯನ್ನು ಸಂಕಲಿಸಿದಾಗ ಅವನಿಗೆ ದೊರೆತದ್ದು ಬಹುಮಟ್ಟಿಗೆ ವ್ಯಾಕರಣ, ಅಲಂಕಾರ ಗ್ರಂಥಗಳಲ್ಲಿ ಚದುರಿದ್ದ ಬಿಡಿ ಪದ್ಯಗಳು. 1914ರಲ್ಲಿ ಹರ್ಮನ್ ಯಾಕೋಬಿಗೆ ಅಹಮದಾಬಾದಿನಲ್ಲಿ ಧನಪಾಲನ ‘ಭವಿಸತ್ತಕಹಾ’ ದೊರೆಯಿತು. 1918ರಲ್ಲಿ ಅದು ಮ್ಯೂನಿಕ್‌ನಲ್ಲಿ ಅಚ್ಚಾಯಿತು. ಇಂತಹ ಕೃತಿಗಳು ಜೈನ ಭಂಡಾರಗಳಲ್ಲಿ ಇನ್ನೂ ಇರಬಹುದೆಂಬ ನಿರೀಕ್ಷೆ ಹುಟ್ಟಿತು.

ಆ ನಿರೀಕ್ಷೆಯನ್ನು ನಿಜಗೊಳಿಸಿದ್ದು ವಿದರ್ಭ. ರಾಯಬಹಾದ್ದೂರ್ ಹೀರಾಲಾಲರು ಸಿದ್ಧಪಡಿಸಿದ, ಮಧ್ಯಪ್ರಾಂತ ಮತ್ತು ಬೇರಾರಿನ ಸಂಸ್ಕೃತ-ಪ್ರಾಕೃತ ಹಸ್ತಪ್ರತಿಗಳ ಸೂಚಿಯು 1926ರಲ್ಲಿ ನಾಗಪುರದಿಂದ ಪ್ರಕಟವಾಯಿತು. ಕಾರಂಜಾದ ಸೇನಗಣ ಹಾಗೂ ಬಲಾತ್ಕಾರಗಣದ ಬಸದಿಗಳ ಭಂಡಾರಗಳಲ್ಲಿದ್ದ ಅಪಭ್ರಂಶ ಕೃತಿಗಳು ಈ ಮೂಲಕ ವಿದ್ವಾಂಸರ ಗಮನಕ್ಕೆ ಬಂದವು. ಸೂಚಿಯ ಹಿಂದೆಯೇ ಸಂಪಾದನೆ ನಡೆದುದು ಇಲ್ಲಿಯ ವಿಶೇಷ. ಪಿ. ಎಲ್. ವೈದ್ಯರ ‘ಜಸಹರಚರಿಉ’ 1931ರಲ್ಲಿಯೂ, ಹೀರಾಲಾಲ ಜೈನರ ‘ಣಾಯಕುಮಾರಚರಿಉ’ 1933ರಲ್ಲಿಯೂ ಹೊರಬಂದವು. ‘ಮಹಾಪುರಾಣ’ದ ಹರಿವಂಶಭಾಗವನ್ನು ಲುಡ್ವಿಗ್ ಆಲ್ಸ್‌ಡೋರ್ಫ್ 1936ರಲ್ಲಿ ಹ್ಯಾಂಬರ್ಗಿನಿಂದ ಪ್ರಕಟಿಸಿದನು. ಸಮಗ್ರ ಪುರಾಣವು ವೈದ್ಯರ ಸಂಪಾದಕತ್ವದಲ್ಲಿ 1937ರಿಂದ 1941ರ ಅವಧಿಯಲ್ಲಿ ಮೂರು ಸಂಪುಟಗಳಾಗಿ ಬಂದಿತು.

3

ಮಾನ್ಯಖೇಟಕ್ಕೂ ವಿದರ್ಭಕ್ಕೂ ಇದ್ದ ನಂಟು ಹಳೆಯದು. ವಾರ್ಧಾ ಸಮೀಪದ ದೇವಳಿಯಲ್ಲಿ ದೊರೆತ ಮುಮ್ಮಡಿ ಕೃಷ್ಣನ 940ರ ತಾಮ್ರಶಾಸನದಲ್ಲಿ ನಾಗಪುರ-ನಂದಿವರ್ಧನ ಎಂಬ ವಿಷಯದ ಹೆಸರಿದೆ. ಕಾರಂಜಾದ ಬಲಾತ್ಕಾರಗಣದ ಭಟ್ಟಾರಕರು ತಮ್ಮನ್ನು ಮಳಖೇಡದ ಪೀಠಕ್ಕೆ ಸೇರಿದವರೆಂದೇ ಹೇಳಿಕೊಂಡಿರುವುದನ್ನು ವಿದ್ಯಾಧರ ಜೋಹರಾಪುರಕರರ ‘ಭಟ್ಟಾರಕ ಸಂಪ್ರದಾಯ’ದಿಂದ (1958) ತಿಳಿಯಬಹುದು. ಆದರೆ ಇಷ್ಟರಿಂದಲೇ ಕಾರಂಜಾದ ಪ್ರತಿಗಳು ಮಳಖೇಡದಿಂದ ಬಂದವೆಂದು ತೀರ್ಮಾನಿಸಲಾಗದು. ಗುರುಪರಂಪರೆ ಸಾಗಿದ ದಾರಿ ಬೇರೆ, ಗ್ರಂಥ ಸಾಗಿದ ದಾರಿ ಬೇರೆಯಾಗಿರಬಹುದು.

4

ಈ ಋಣ ಏಕಮುಖವಾದುದಲ್ಲ. ‘ಷಟ್ಖಂಡಾಗಮ’ ಮತ್ತು ಅದರ ಮೇಲಿನ ವೀರಸೇನರ ‘ಧವಲಾ’ ಟೀಕೆ ಉಳಿದುಬಂದದ್ದು ಮೂಡಬಿದಿರೆಯ ಸಿದ್ಧಾಂತ ಬಸದಿಯಲ್ಲಿ, ಹಳಗನ್ನಡ ಲಿಪಿಯ ತಾಳೆಗರಿಗಳಲ್ಲಿ. ಅದನ್ನು 1939ರಿಂದ ಅಮರಾವತಿಯಲ್ಲಿ ಸಂಪಾದಿಸತೊಡಗಿದವರೂ ಹೀರಾಲಾಲ ಜೈನರೇ. ಮೊದಲಿಗೆ ಅವರ ಕೈಗೆ ಬಂದವು ಪ್ರತಿಗಳ ಪ್ರತಿಗಳು. ಸತ್ಪ್ರರೂಪಣೆಯ 93ನೆಯ ಸೂತ್ರದಲ್ಲಿ ‘ಸಂಜದ’ (ಸಂಯತ) ಎಂಬ ಪದ ಅವುಗಳಲ್ಲಿರಲಿಲ್ಲ. ಅರ್ಥಸಂಗತಿಗೆ ಅದು ಅಗತ್ಯವೆಂದು ಸಂಪಾದಕರು ಅಡಿಟಿಪ್ಪಣಿಯಲ್ಲಿ ಸೂಚಿಸಿದರು. ಸ್ತ್ರೀಯರ ಗುಣಸ್ಥಾನಗಳಿಗೆ ಸಂಬಂಧಿಸಿದ ಸೂತ್ರವಾದುದರಿಂದ ತೀವ್ರ ವಿವಾದವೆದ್ದಿತು. ಕೊನೆಗೆ ಮೂಡಬಿದಿರೆಯ ಗರಿಗಳನ್ನು ನೋಡಿದಾಗ ಆ ಪದ ಅಲ್ಲಿ ಇದ್ದೇ ಇತ್ತು! ಒಂದು ಪದದ ಲೋಪದಿಂದ ಒಂದು ಸಿದ್ಧಾಂತವೇ ಅಲುಗಾಡಬಲ್ಲದು. ಮೂಲಪ್ರತಿಯನ್ನು ಕಾಣದೆ ಪಾಠನಿರ್ಣಯ ಮಾಡಲಾಗದೆಂಬುದಕ್ಕೆ ಇದಕ್ಕಿಂತ ಬೇರೆ ನಿದರ್ಶನ ಬೇಕಿಲ್ಲ.

5

ಪುಷ್ಪದಂತನ ವಿಷಯದಲ್ಲಿ ಕನ್ನಡ ವಿದ್ವಾಂಸರು ಮಾಡಬೇಕಾದ ಕೆಲಸ ಸಾಕಷ್ಟಿದೆ. ಪಂಪನೂ ಪುಷ್ಪದಂತನೂ ಜಿನಸೇನರ ಪುರಾಣದ ಜಾಡಿನಲ್ಲಿ ನಡೆದವರು. ಭರತ-ಬಾಹುಬಲಿ ಪ್ರಸಂಗವನ್ನು ಇಬ್ಬರಲ್ಲಿಯೂ ಅಕ್ಕಪಕ್ಕದಲ್ಲಿರಿಸಿ ಓದಿದರೆ ಪಂಪನ ಸ್ವೋಪಜ್ಞತೆಯ ಅಳತೆ ಇನ್ನಷ್ಟು ಖಚಿತವಾದೀತು. ಕವಿಯು ಕೃಷ್ಣನನ್ನು ‘ತುಡಿಗ’ ಎಂಬ ಹೆಸರಿನಿಂದ ಕರೆಯುತ್ತಾನೆ. ಅವನ ದೇಶ್ಯ ಹಾಗೂ ವಿರಳ ಪದಗಳನ್ನು ರತ್ನಾ ಶ್ರೀಯಾನ್ ಅವರು 1969ರ ತಮ್ಮ ಗ್ರಂಥದಲ್ಲಿ ವಿವೇಚಿಸಿದ್ದಾರೆ. ಹಳಗನ್ನಡ ಬಲ್ಲವರು ಅವನ್ನು ಶಾಸನಗಳ ಪದಸಂಪತ್ತಿನೊಡನೆ ಮತ್ತೊಮ್ಮೆ ಹೋಲಿಸಬೇಕು. ಭಂಡಾರದಲ್ಲಿ ಕಾವ್ಯವೊಂದು ದೊರೆತೊಡನೆ ಶೋಧ ಮುಗಿಯುವುದಿಲ್ಲ. ಅದು ಸೂಚಿಗೆ ಸೇರಬೇಕು, ಸಂಪಾದನೆಗೊಳ್ಳಬೇಕು, ಪಕ್ಕದ ಭಾಷೆಯವರ ಓದಿಗೂ ಒದಗಬೇಕು. ಕಡೆಯ ಹೊಣೆ ನಮ್ಮದು.

ಊರ ಹೊರಗಿನ ತೋಪಿನಲ್ಲಿ ದಣಿದು ಕುಳಿತಿದ್ದ ಪುಷ್ಪದಂತನಿಗೆ ಮಾನ್ಯಖೇಟದಲ್ಲಿ ಆಶ್ರಯವಿತ್ತವನು ಮಂತ್ರಿ ಭರತ. 972ರಲ್ಲಿ ಪರಮಾರ ಸೀಯಕನು ಆ ನಗರವನ್ನು ಸೂರೆಗೊಂಡನು. ಇನ್ನು ಈ ಕವಿ ಎಲ್ಲಿ ವಾಸಿಸಬೇಕೆಂಬ ಅಳಲು ‘ಮಹಾಪುರಾಣ’ದ ಕೆಲವು ಪ್ರತಿಗಳಲ್ಲಿ ಪದ್ಯವಾಗಿ ಉಳಿದಿದೆ. ಅವನ ಕೃತಿಗೆ ಕಾರಂಜಾದ ಭಂಡಾರ ನೆಲೆಯಿತ್ತಿತು. ಅವನು ಬಾಳಿದ ನಾಡಿನ ಸಾಹಿತ್ಯಚರಿತ್ರೆಯಲ್ಲಿ ಅವನಿಗೆ ನೆಲೆ ಕಲ್ಪಿಸುವ ಕಾರ್ಯ ಇನ್ನೂ ಉಳಿದಿದೆ.