ಕೈತೋಟದ ಮಾತು ಅಂಗಳದಲ್ಲೇ ಆಗಲಿ

ಪ್ರಶ್ನೆ: ಚಂದ್ರಂಪಳ್ಳಿ ಕಡೆಯವಳು. ನಮ್ಮ ಸ್ತ್ರೀಶಕ್ತಿ ಸಂಘದಲ್ಲಿ ಕೈತೋಟದ ಬಗ್ಗೆ ಮಾತಾಡಬೇಕಿದೆ. ಏನು ಹೇಳಲಿ, ಯಾರನ್ನು ಕರೆಸಲಿ?

ಉತ್ತರ: ಭಾಷಣ ಬೇಡ. ಯಾರದಾದರೂ ಅಂಗಳದಲ್ಲಿ ಸೇರಿ, ಎಲ್ಲರಿಂದಲೂ ಮಣ್ಣು ಮುಟ್ಟಿಸಿ. ಹಸಿ ಎರೆಮಣ್ಣನ್ನು ಅಂಗೈಯಲ್ಲಿ ಹೊಸೆದರೆ ಬತ್ತಿಯಂತೆ ಉದ್ದಕ್ಕೆ ಬರುತ್ತದೆ. ಮರಳು ಬೆರೆತ ಕೆಂಪು ಮಣ್ಣು ಉದುರಿಬಿಡುತ್ತದೆ. ಎರೆಯಲ್ಲಿ ಮಳೆನೀರು ನಿಂತು ಬೇರು ಕೊಳೆಯುತ್ತದೆ, ಅದಕ್ಕೇ ಮಡಿಯನ್ನು ಗೇಣೆತ್ತರ ಏರಿಸಬೇಕು. ಕೆಂಪು ಮಣ್ಣಿಗೆ ತಿಪ್ಪೆಗೊಬ್ಬರ ಹೆಚ್ಚು ಬೇಕು. ಇದನ್ನು ಕೈಯಾರೆ ಕಂಡವರು ಮರೆಯುವುದಿಲ್ಲ.

ಸಭೆ ಮೃಗಶಿರಾ ಮಳೆಗೆ ಮುಂಚೆ ಇರಲಿ. ಮೊದಲ ಸಲಕ್ಕೆ ಪುಂಡಿ, ರಾಜಗಿರಿ, ಹೀರೆ, ಚವಳಿಕಾಯಿ ಸಾಕು. ರಾಜಗಿರಿ ತಿಂಗಳಲ್ಲೇ ಪಲ್ಯಕ್ಕೆ ಬರುವುದರಿಂದ ಹೆಣ್ಣುಮಕ್ಕಳ ಹುರುಪು ಉಳಿಯುತ್ತದೆ. ಮೆಂತ್ಯ ಚಳಿಗಾಲಕ್ಕಿರಲಿ.

ಹುಳದ ಪ್ರಶ್ನೆ ಬಂದೇ ಬರುತ್ತದೆ. 50 ಗ್ರಾಂ ಬೇವಿನ ಬೀಜ ಕುಟ್ಟಿ, 1 ಲೀಟರ್ ನೀರಲ್ಲಿ ರಾತ್ರಿ ನೆನೆಸಿ, ಸೋಸಿ, ಮರುದಿನ ಸಂಜೆ ಸಿಂಪಡಿಸಲು ಹೇಳಿ. ಹೊಲದ ಔಷಧಿ ಅಡುಗೆಯ ಗಿಡಕ್ಕೆ ಖಂಡಿತ ಬೇಡ.

ತಜ್ಞರು ಬೇಕೆಂದರೆ ಚಿಂಚೋಳಿಯ ತೋಟಗಾರಿಕೆ ಇಲಾಖೆಗೆ ಸಂಘದ ಹೆಸರಲ್ಲಿ ಅರ್ಜಿ ಕೊಡಿ. ಗೊಬ್ಬರ ಹಾಕಿದರೂ ಎಲೆ ಹಳದಿಯಾಗುತ್ತಿದ್ದರೆ, ಗಿಡಗಳು ಒಮ್ಮೆಲೇ ಬಾಡಿದರೆ ಊಹೆ ಮಾಡಬೇಡಿ. ಮಣ್ಣು, ಬಾಡಿದ ಗಿಡ ಎರಡನ್ನೂ ಕಲಬುರಗಿ ಕೃಷಿ ವಿಜ್ಞಾನ ಕೇಂದ್ರಕ್ಕೆ ಒಯ್ದು ತೋರಿಸಿ.