ಹುಡುಕುವ ತಾಸಿಗೂ ಬೆಲೆ ಇದೆ

ಹಳೆಯ ಕಾರಿನಲ್ಲಿ ಕರೆಂಟಿನ ತೊಂದರೆ ಬಂತೆಂದರೆ ಎಲ್ಲರ ಬಾಯಲ್ಲೂ ಮೊದಲು ಬರುವ ಮಾತು ‘ಬ್ಯಾಟರಿ ಹೋಗಿರಬೇಕು’. ಆಮೇಲೆ ಡೈನಮೋ, ಆಮೇಲೆ ಸೆಲ್ಫ್ ಮೋಟರ್. ಒಂದೊಂದಾಗಿ ಬದಲಿಸುತ್ತ ಹೋದರೆ ಸಾವಿರಾರು ರೂಪಾಯಿ ಕರಗುತ್ತದೆ, ತೊಂದರೆ ಮಾತ್ರ ಅಲ್ಲೇ ಉಳಿಯುತ್ತದೆ. ಹಾನಗಲ್ಲ, ಶಿಗ್ಗಾಂವ, ಸವಣೂರು, ಹಿರೇಕೆರೂರು ತಾಲ್ಲೂಕುಗಳಲ್ಲಿ ವರ್ಷಗಟ್ಟಲೆ ಹಳೆಯ ಮಾರುತಿ 800 ಓಡಿಸಿ ನಾನು ಕಂಡುಕೊಂಡದ್ದು ಇಷ್ಟು: ದೋಷ ಬಹಳ ಸಲ ಕೂತಿರುವುದು ಸಾಮಾನುಗಳನ್ನು ಒಂದಕ್ಕೊಂದು ಕೂಡಿಸುವ ಜಾಗದಲ್ಲಿ. ಅದು ಅಳೆದರೆ ಮಾತ್ರ ಸಿಗುತ್ತದೆ.

ಬೀಜೋತ್ಪಾದನೆಯ ಹೊಲಗಳನ್ನು ನೋಡಿಕೊಳ್ಳುವುದು ನನ್ನ ಕೆಲಸ. ಕಾರು 1996ರ ಮಾಡೆಲ್. ಈ ತಾಲ್ಲೂಕುಗಳಿರುವ ಹಾವೇರಿ ಧಾರವಾಡದಿಂದ ಬೇರೆಯಾಗಿ ಜಿಲ್ಲೆಯಾದದ್ದು 1997ರಲ್ಲಿ. ಹಾಗಾಗಿ ಅದರ ನಂಬರು ಇಂದಿಗೂ ಧಾರವಾಡದ ಕೆಎ-25. 1983ರ ಡಿಸೆಂಬರಿನಲ್ಲಿ ರಸ್ತೆಗಿಳಿದ ಮಾರುತಿ 800ರ ತಯಾರಿಕೆ 2014ರ ಜನವರಿಗೆ ನಿಂತಿತು, ಆದರೆ ನಮ್ಮ ಊರುಗಳಲ್ಲಿ ಅದು ಇನ್ನೂ ದುಡಿಯುತ್ತಿದೆ. ನನ್ನದು ಕಾರ್ಬುರೇಟರ್ ಎಂಜಿನ್ನಿನ ಗಾಡಿ. ಎಂಜಿನ್ನಿಗೆ ಕಂಪ್ಯೂಟರ್ ಇಲ್ಲ. ಪ್ರತಿ ವೈರನ್ನೂ ಕೈಯಲ್ಲಿ ಹಿಡಿದು ಈ ತುದಿಯಿಂದ ಆ ತುದಿಯವರೆಗೆ ನೋಡಬಹುದು. ಕಲಿಯುವವರಿಗೆ ಇದಕ್ಕಿಂತ ಒಳ್ಳೆಯ ಗಾಡಿ ಸಿಗಲಿಕ್ಕಿಲ್ಲ.

ಮೊದಲು ತಿಳಿಯಬೇಕಾದದ್ದು ಅರ್ಥಿಂಗ್. ಬ್ಯಾಟರಿಯ ಪ್ಲಸ್ಸಿನಿಂದ ಹೊರಟ ಕರೆಂಟು ದೀಪ ಬೆಳಗಿಸಿ ಮತ್ತೆ ಮೈನಸ್ಸಿಗೆ ಬಂದು ಸೇರಬೇಕು. ಕಾರಿನಲ್ಲಿ ಹೋಗುವ ದಾರಿಗೆ ವೈರು ಇರುತ್ತದೆ, ಬರುವ ದಾರಿ ಬಹುಪಾಲು ಕಾರಿನ ಬಾಡಿಯೇ. ಬಾಡಿಗೆ ಬಿಗಿದ ಒಂದೊಂದು ಸ್ಕ್ರೂ, ಒಂದೊಂದು ಬೋಲ್ಟು ಆ ದಾರಿಯ ಬಾಗಿಲು. ಹಾನಗಲ್ಲದ ಕಡೆ ಅರೆಮಲೆನಾಡಿನ ಮಳೆ. ತಿಂಗಳುಗಟ್ಟಲೆ ತೇವ ಕುಡಿದ ಕಬ್ಬಿಣಕ್ಕೆ ಬೋಲ್ಟಿನ ಕೆಳಗೇ ತುಕ್ಕು ಹಿಡಿಯುತ್ತದೆ. ಮೇಲಿಂದ ನೋಡಿದರೆ ಎಲ್ಲ ಗಟ್ಟಿಯಾಗಿಯೇ ಕಾಣುತ್ತದೆ.

ಒಂದು ಮಳೆಗಾಲದಲ್ಲಿ ನನ್ನ ಕಾರಿನ ಬ್ರೇಕ್ ಒತ್ತಿದರೆ ಮೀಟರಿನ ದೀಪಗಳು ಮಿಣಮಿಣ ಎನ್ನತೊಡಗಿದವು. ಹೆಡ್‌ಲೈಟ್ ಸ್ವಿಚ್ಚು ಬಂದ್ ಇದ್ದರೂ ಹಾಗೇ. ಹಾನಗಲ್ಲದ ಎಲೆಕ್ಟ್ರಿಷಿಯನ್ ಹಿಂದಿನ ದೀಪದ ಗಾಜು ಬಿಚ್ಚಿ ನೋಡಿ ಹೇಳಿದ: “ಸರ, ಬಲ್ಬ್ ಚಲೋ ಅದಾವ್ರಿ. ಅರ್ಥ್ ಹಿಡದಿಲ್ಲ ನೋಡ್ರಿ.” ಬ್ಯಾಟರಿಯ ಮೈನಸ್ಸಿನಿಂದ ಉದ್ದನೆಯ ವೈರೊಂದನ್ನು ತಂದು ದೀಪದ ಹೋಲ್ಡರಿಗೆ ಮುಟ್ಟಿಸಿದ. ಬ್ರೇಕ್ ದೀಪ ಭಗ್ಗನೆ ಹತ್ತಿತು, ಮೀಟರಿನ ದೀಪ ಆರಿತು.

ಆಗಿದ್ದು ಇಷ್ಟೇ. ಹಿಂದಿನ ಬಲ್ಬಿನೊಳಗೆ ಎರಡು ತಂತಿ: ಬ್ರೇಕಿಗೆ 21 ವ್ಯಾಟಿನದು, ಪಾರ್ಕಿಂಗಿಗೆ 5 ವ್ಯಾಟಿನದು. ಎರಡಕ್ಕೂ ಅರ್ಥಿಂಗ್ ಒಂದೇ. ಗದ್ದೆಯ ತೂಬು ಕಟ್ಟಿಕೊಂಡರೆ ನೀರು ಪಕ್ಕದ ಬದು ಒಡೆದು ಹರಿಯುವಂತೆ, ಅರ್ಥ್ ಸಿಗದ ಬ್ರೇಕಿನ ಕರೆಂಟು ಪಾರ್ಕಿಂಗ್ ತಂತಿಯಲ್ಲಿ ಹಿಂದಕ್ಕೆ ನುಗ್ಗಿ, ಆ ಲೈನಿನಲ್ಲಿರುವ ಉಳಿದ ದೀಪಗಳ ಮೂಲಕ ಬಾಡಿ ಸೇರುತ್ತಿತ್ತು. ಒಂದು ಸ್ವಿಚ್ಚು ಒತ್ತಿದಾಗ ಸಂಬಂಧವಿಲ್ಲದ ಇನ್ನೊಂದು ದೀಪ ಹತ್ತಿತೆಂದರೆ ನಾನು ಈಗ ನೇರ ಅರ್ಥಿಂಗಿಗೇ ಕೈ ಹಾಕುತ್ತೇನೆ. ಸ್ಕ್ರೂ ಬಿಚ್ಚಿ, ಅದರ ಕೆಳಗಿನ ತುಕ್ಕು, ಬಣ್ಣ ಎಲ್ಲ ಹೋಗಿ ತಗಡು ಹೊಳೆಯುವವರೆಗೆ ಉಸುಕಿನ ಕಾಗದದಿಂದ ಉಜ್ಜಿ, ಮತ್ತೆ ಬಿಗಿದು, ಮೇಲೆ ವ್ಯಾಸಲಿನ್ ಸವರಿದರೆ ಸಾಕು.

ಎರಡನೆಯ ಪಾಠ ಶಿಗ್ಗಾಂವದ್ದು. ಕೀಲಿ ತಿರುವಿದರೆ ಸೆಲ್ಫ್ ನರಳುತ್ತ ತಿರುಗುತ್ತಿತ್ತು, ಒಮ್ಮೊಮ್ಮೆ ಬರೀ ‘ಟಕ್’ ಅನ್ನುತ್ತಿತ್ತು. ಮಲ್ಟಿಮೀಟರಿನಲ್ಲಿ ಬ್ಯಾಟರಿ 12.6 ವೋಲ್ಟ್ ತೋರಿಸಿತು, ಅಂದರೆ ಪೂರ್ತಿ ಚಾರ್ಜಾಗಿದೆ. ಎಂಜಿನ್ ಓಡುವಾಗ 14ರ ಆಸುಪಾಸು, ಅಂದರೆ ಡೈನಮೋ ಸರಿಯಿದೆ. ಹಾಗಾದರೆ ಶಕ್ತಿ ಎಲ್ಲಿ ಸೋರುತ್ತಿದೆ? ಮೀಟರಿನ ಒಂದು ಕಡ್ಡಿಯನ್ನು ಬ್ಯಾಟರಿಯ ಮೈನಸ್ ಕಂಬಕ್ಕೆ, ಇನ್ನೊಂದನ್ನು ಎಂಜಿನ್ನಿನ ಬರಿಯ ಲೋಹಕ್ಕೆ ಹಿಡಿದು, ಜೊತೆಗಿದ್ದ ಹುಡುಗನಿಗೆ ಸೆಲ್ಫ್ ಹೊಡೆಯಲು ಹೇಳಿದೆ. ಮೀಟರು 1.1 ವೋಲ್ಟಿಗೆ ಏರಿತು. ಅಲ್ಲಿ 0.2ರ ಹತ್ತಿರ ಇರಬೇಕಿತ್ತು.

ಎಂಜಿನ್ ಕೂತಿರುವುದು ರಬ್ಬರಿನ ಮೇಲೆ. ಅದಕ್ಕೂ ಬಾಡಿಗೂ ಕರೆಂಟಿನ ಸಂಬಂಧ ಕೊಡುವುದು ಅರ್ಥಿಂಗ್ ಕೇಬಲ್ಲೇ. ಆ ಕೇಬಲ್ಲಿನ ತುದಿ ಹಸಿರುಗಟ್ಟಿ, ಒಳಗಿನ ಎಳೆಗಳು ಒಂದೊಂದಾಗಿ ತುಂಡಾಗಿದ್ದವು. ಸೆಲ್ಫ್ ಮೋಟರ್ ಎಳೆಯುವುದು ನೂರು ಆಂಪಿಯರಿನ ಲೆಕ್ಕದಲ್ಲಿ. ದಾರಿಯಲ್ಲಿ ಒಂದು ಓಮಿನ ನೂರರಲ್ಲೊಂದು ಪಾಲು ಅಡ್ಡಿ ಇದ್ದರೂ ಒಂದು ವೋಲ್ಟ್ ಅಲ್ಲೇ ಕಾವಾಗಿ ಹೋಗುತ್ತದೆ. ಅಷ್ಟು ಸಣ್ಣ ಅಡ್ಡಿಯನ್ನು ಮೀಟರಿನ ಓಮ್ ಗುರುತು ತೋರಿಸಲಾರದು. ಒಂದೇ ಎಳೆ ಉಳಿದ ಕೇಬಲ್ ಕೂಡ ಕೆಲಸವಿಲ್ಲದಾಗ ಪೂರ್ತಿ 12 ವೋಲ್ಟ್ ತೋರಿಸುತ್ತದೆ. ಅದಕ್ಕೇ ಅಳೆಯುವುದಾದರೆ ಭಾರ ಬಿದ್ದಾಗ ಅಳೆಯಬೇಕು. ದೀಪ ಹಚ್ಚಿಟ್ಟು, ಹಾರನ್ ಒತ್ತಿ, ಸೆಲ್ಫ್ ಹೊಡೆದು ನೋಡಬೇಕು. ಈ ಕೇಬಲ್ ಕೆಟ್ಟ ಗಾಡಿಯಲ್ಲಿ ಸೆಲ್ಫಿನ ಕರೆಂಟು ಚೋಕ್ ಅಥವಾ ಆ್ಯಕ್ಸಿಲರೇಟರ್ ಕೇಬಲ್ ಹಿಡಿದು ವಾಪಸ್ಸಾಗುವುದೂ ಉಂಟು. ನನ್ನ ಕಾರಿನ ಚೋಕ್ ಕೇಬಲ್ ಮುಟ್ಟಿದರೆ ಸುಡುತ್ತಿತ್ತು, ಅದರ ಪ್ಲಾಸ್ಟಿಕ್ ಹೊದಿಕೆ ಮೆತ್ತಗಾಗಿತ್ತು.

ಇಂಥ ಗಾಡಿಗೆ ಹೊಸ ಬ್ಯಾಟರಿ ಹಾಕಿದರೆ ಕೆಲವು ವಾರ ಚೆನ್ನಾಗಿಯೇ ನಡೆಯುತ್ತದೆ. ಹೊಸದಕ್ಕೆ ಕಸುವು ಹೆಚ್ಚು, ಹಾಕುವಾಗ ಟರ್ಮಿನಲ್ಲುಗಳನ್ನೂ ಉಜ್ಜಿರುತ್ತಾರೆ. ಬ್ಯಾಟರಿಯದೇ ದೋಷವಿತ್ತೆಂಬ ನಂಬಿಕೆ ಗಟ್ಟಿಯಾಗುವುದು ಹೀಗೆ.

ಹಿರೇಕೆರೂರಿನ ಕಡೆ ಗೋವಿನಜೋಳದ ರಾಶಿ ಅಂಗಳಕ್ಕೆ ಬಂತೆಂದರೆ ಇಲಿಗಳ ಕಾಲ. ರಾತ್ರಿ ಬೆಚ್ಚಗಿನ ಬಾನೆಟ್ಟಿನೊಳಗೆ ಸೇರಿ ವೈರಿನ ಹೊದಿಕೆ ಕಡಿಯುತ್ತವೆ. ಬರಿದಾದ ತಂತಿ ಬಾಡಿಗೆ ತಾಗಿದಾಗೆಲ್ಲ ಫ್ಯೂಜು ಹಾರುತ್ತದೆ. ಫ್ಯೂಜಿನ ಜಾಗಕ್ಕೆ ತಾಮ್ರದ ಎಳೆಯನ್ನೋ ಸಿಗರೇಟ್ ಪ್ಯಾಕಿನ ಬೇಗಡೆಯನ್ನೋ ತುರುಕುವವರನ್ನು ನೋಡಿದ್ದೇನೆ. ದಯವಿಟ್ಟು ಹಾಗೆ ಮಾಡಬೇಡಿ. ಫ್ಯೂಜು ಸುಡದಿದ್ದರೆ ವೈರೇ ಸುಡುತ್ತದೆ, ವೈರಿನ ಜೊತೆ ಕಾರೂ ಸುಡಬಹುದು.

ಅಲ್ಲಿನ ಹಿರಿಯ ಮೆಕ್ಯಾನಿಕ್ ಒಬ್ಬರು ತೋರಿಸಿಕೊಟ್ಟ ಉಪಾಯ ಇದು. ಹಾರಿದ ಫ್ಯೂಜು ಕಿತ್ತು, ಅದು ಕೂರುವ ಜಾಗದ ಎರಡು ತುದಿಗಳ ನಡುವೆ 21 ವ್ಯಾಟಿನ ಬಲ್ಬ್ ಜೋಡಿಸಬೇಕು. ಶಾರ್ಟ್ ಇದ್ದರೆ ಬಲ್ಬ್ ಪೂರ್ತಿ ಬೆಳಗುತ್ತದೆ. ಎರಡು ಆಂಪಿಯರಿಗಿಂತ ಹೆಚ್ಚು ಕರೆಂಟನ್ನು ಅದು ಬಿಡುವುದಿಲ್ಲ, ಆದ್ದರಿಂದ ವೈರು ಸುಡುವ ಭಯವಿಲ್ಲ. ಆಮೇಲೆ ವೈರಿನ ಕಟ್ಟನ್ನು ಗೇಣು ಗೇಣಾಗಿ ಅಲ್ಲಾಡಿಸುತ್ತ ಹೋಗಬೇಕು. “ಅವಸರ ಮಾಡಬ್ಯಾಡ್ರಿ, ಬಲ್ಬ್ ಮ್ಯಾಲ ಕಣ್ಣಿಡ್ರಿ” ಅಂದರು ಅವರು. ಹಾರನ್ನಿನ ಹತ್ತಿರ ಕೈ ಬಂದಾಗ ಬಲ್ಬ್ ಮಿನುಗಿ ಆರಿತು. ಅಲ್ಲೇ, ಹಲ್ಲಿನ ಗುರುತಿನ ನಡುವೆ ಕೆಂಪಗೆ ತಾಮ್ರ ಕಾಣುತ್ತಿತ್ತು.

ಸವಣೂರಿನಲ್ಲಿ ಕಾರು ನಿಲ್ಲಿಸಿದಲ್ಲೇ ಬ್ಯಾಟರಿ ಇಳಿಯುತ್ತಿತ್ತು. ಎಲ್ಲ ಬಂದ್ ಮಾಡಿ, ಮೈನಸ್ ಕೇಬಲ್ ಬಿಚ್ಚಿ, ನಡುವೆ ಮೀಟರನ್ನು ಹತ್ತು ಆಂಪಿಯರಿನ ಗುರುತಿಗೆ ಇಟ್ಟು ನೋಡಿದೆ. ಹಾಗೆ ಇಟ್ಟಾಗ ಸೆಲ್ಫ್ ಹೊಡೆಯಬಾರದು, ಮೀಟರ್ ಸುಡುತ್ತದೆ. ಅರ್ಧ ಆಂಪಿಯರಿನ ಹತ್ತಿರ ತೋರಿಸಿತು. 35 ಆಂಪಿಯರ್-ಅವರ್ ಬ್ಯಾಟರಿಯನ್ನು ಮೂರು ದಿನದಲ್ಲಿ ಖಾಲಿ ಮಾಡಲು ಅಷ್ಟು ಸಾಕು. ಫ್ಯೂಜುಗಳನ್ನು ಒಂದೊಂದಾಗಿ ಕಿತ್ತರೂ ಅಂಕಿ ಇಳಿಯಲಿಲ್ಲ. ಹಿಂದಿನ ಮಾಲೀಕರ ಕಾಲದಲ್ಲಿ ಫ್ಯೂಜು ದಾಟಿಸಿ ನೇರ ಬ್ಯಾಟರಿಗೆ ಕೊಟ್ಟಿದ್ದ ಟೇಪ್‌ರೆಕಾರ್ಡರಿನ ವೈರು ಬಿಚ್ಚಿದಾಗ ಸೊನ್ನೆಗೆ ಬಂತು. ಹಳೆಯ ಕಾರಿನಲ್ಲಿ ಆಮೇಲೆ ಸೇರಿಸಿದ ವೈರುಗಳ ಮೇಲೆ ಮೊದಲು ಸಂಶಯ ಪಡಬೇಕು.

ಇದೆಲ್ಲಕ್ಕೆ ಬೇಕಾದ ಸಾಮಾನು ಕಡಿಮೆ: ಸಾದಾ ಮಲ್ಟಿಮೀಟರ್, ವೈರು ಕಟ್ಟಿದ ಬಲ್ಬ್, ಉಸುಕಿನ ಕಾಗದ. ಬೇಕಾದ ಶಿಸ್ತೂ ಕಡಿಮೆ: ಬಿಚ್ಚುವಾಗ ಮೈನಸ್ ಮೊದಲು, ಜೋಡಿಸುವಾಗ ಮೈನಸ್ ಕೊನೆಗೆ, ಒಮ್ಮೆಗೆ ಒಂದನ್ನೇ ಬದಲಿಸಿ ನೋಡುವುದು. ಹೆಚ್ಚಾಗಿ ಬೇಕಾದದ್ದು ಸಮಯ. ನಾವು ಗಿರಾಕಿಗಳು ಬದಲಾಗಬೇಕಾದದ್ದು ಇಲ್ಲಿಯೇ. ಹೊಸ ಸಾಮಾನಿಗೆ ಚೌಕಾಶಿಯಿಲ್ಲದೆ ದುಡ್ಡು ಕೊಡುತ್ತೇವೆ, ಎರಡು ತಾಸು ಬಗ್ಗಿ ಹುಡುಕಿ ಒಂದು ಸ್ಕ್ರೂ ಉಜ್ಜಿದವನಿಗೆ ‘ಏನ್ ಹಾಕೀಯಪ್ಪಾ?’ ಅಂತ ಕೇಳುತ್ತೇವೆ. ಹುಡುಕಿದ್ದಕ್ಕೆ ಕೂಲಿ ಸಿಗದಿದ್ದರೆ ಎಲೆಕ್ಟ್ರಿಷಿಯನ್ ಸಾಮಾನು ಮಾರಲೇಬೇಕಾಗುತ್ತದೆ. ನಾನು ಈಗ ಕಾರು ಬಿಡುವಾಗಲೇ ಹೇಳಿಬಿಡುತ್ತೇನೆ: ಏನೂ ಬದಲಿಸದಿದ್ದರೂ ಚಿಂತೆಯಿಲ್ಲ, ದೋಷ ಎಲ್ಲಿದೆಯೆಂದು ಅಳೆದು ತೋರಿಸಿ, ನಿಮ್ಮ ತಾಸಿನ ಲೆಕ್ಕದಲ್ಲಿ ಕೊಡುತ್ತೇನೆ. ಆ ಮಾತು ಹೇಳಿದ ಮೇಲೆ ನನಗೆ ಬೇಡದ ಬ್ಯಾಟರಿ ಕೊಳ್ಳುವ ಪ್ರಸಂಗ ಬಂದಿಲ್ಲ.